ಹೋಗುವ ಮೇಲ್‌ಗೂ ಗುರುತು ಕೇಳಿದರೆ

ಬಂದ ಮೇಲ್ ಓದಲು ಪಾಸ್‌ವರ್ಡ್ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಪತ್ರ, ನನ್ನ ಬೀಗ. ಆದರೆ ಕಳಿಸುವುದಕ್ಕೂ ಬೇರೆಯಾಗಿ ಗುರುತು ತೋರಿಸಿ ಎಂದಾಗ ಜನಕ್ಕೆ ಕಸಿವಿಸಿಯಾಗುತ್ತದೆ. ದೆಹಲಿಯ ಕನ್ನಡಿಗರ ನಡುವೆ ಕಂಪ್ಯೂಟರ್ ಗೊತ್ತಿರುವವನು ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಆರ್.ಕೆ. ಪುರಂನಿಂದ ನೊಯ್ಡಾವರೆಗೆ, ದ್ವಾರಕಾದಿಂದ ಮಯೂರ್ ವಿಹಾರದವರೆಗೆ ಎಲ್ಲಿಂದ ಫೋನ್ ಬಂದರೂ ದೂರು ಒಂದೇ: "ಮೇಲ್ ಬರ್ತಾ ಇದೆ ಸಾರ್, ಹೋಗ್ತಾ ಇಲ್ಲ." ನಿವೃತ್ತ ಅಧಿಕಾರಿ, ತೀಸ್ ಹಜಾರಿಯ ವಕೀಲ, ಲಕ್ಷ್ಮಿನಗರದ ಚಾರ್ಟರ್ಡ್ ಅಕೌಂಟೆಂಟ್, ಯಾವುದೋ ಸಂಘದ ಕಾರ್ಯದರ್ಶಿ ಹೀಗೆ ದೂರು ಕೊಡುವವರು ಬೇರೆ ಬೇರೆ. ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತೆರೆದು ನೋಡಿದರೆ ಇನ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ. ಔಟ್‌ಬಾಕ್ಸ್‌ನಲ್ಲಿ ಪತ್ರಗಳು ಕೂತಲ್ಲೇ ಕೂತಿರುತ್ತವೆ.

ಇದಕ್ಕೆ ಎರಡು ಮದ್ದು. ಹೋಗುವ ಮೇಲ್‌ನ ಸೆಟ್ಟಿಂಗ್ ಸರಿಪಡಿಸಿ ಕಂಪ್ಯೂಟರ್‌ನೊಳಗಿನ ಮೇಲ್ ಪ್ರೋಗ್ರಾಂ ಅನ್ನೇ ಮುಂದುವರಿಸುವುದು ಒಂದು. ಅದರ ಸಹವಾಸವೇ ಬೇಡವೆಂದು ಬ್ರೌಸರ್‌ನಲ್ಲೇ ಮೇಲ್ ತೆರೆಯುವುದು ಇನ್ನೊಂದು. ನೆಹರೂ ಪ್ಲೇಸ್‌ನ ರಿಪೇರಿ ಹುಡುಗರು ಹೆಚ್ಚಾಗಿ ಎರಡನೆಯದನ್ನೇ ಹೇಳುತ್ತಾರೆ, ಅವರಿಗೆ ಹೊತ್ತಿಲ್ಲ. ಹಳೆಯ ಕಾಲದ ಕಂಪ್ಯೂಟರ್ ಮಂದಿ ಮೊದಲನೆಯದಕ್ಕೇ ಅಂಟಿಕೊಂಡಿದ್ದಾರೆ, ಅವರಿಗೆ ಹಟ. ಹೊತ್ತಿಲ್ಲದಿರುವುದೂ ಹಟವೂ ಕಾರಣಗಳಲ್ಲ. ಆದರೆ ಎರಡೂ ಕಡೆ ಗಟ್ಟಿಯಾದ ಕಾರಣಗಳಿವೆ.

ಕಳಿಸುವವರ ಗುರುತು ಕೇಳದಿರುವುದೇ ಮೇಲ್‌ನ ಹುಟ್ಟುಗುಣ. ಗೋಲ್ ಡಾಕ್‌ಖಾನಾದ ಮುಂದಿನ ಕೆಂಪು ಡಬ್ಬಿಗೆ ಕಾಗದ ಹಾಕುವವರನ್ನು ಯಾರೂ ತಡೆದು ಹೆಸರು ಕೇಳುವುದಿಲ್ಲ. ಲಕೋಟೆಯ ಹಿಂದೆ 'ಇಂದ' ಎಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ಎಂಬ ಕಟ್ಟಳೆಯೂ ಹಾಗೆಯೇ ಇತ್ತು. ಕಳಿಸುವವನು ತಾನು ಇಂಥವನು ಎಂದು ಹೇಳುತ್ತಾನೆ, ಸರ್ವರ್ ನಂಬುತ್ತದೆ, ಪತ್ರ ಮುಂದಕ್ಕೆ ಹೋಗುತ್ತದೆ. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳವರು, ಸಂಶೋಧಕರು. ಒಬ್ಬರಿಗೊಬ್ಬರು ಗೊತ್ತಿದ್ದವರು. ನಂಬದೆ ಇರುವುದಕ್ಕೆ ಕಾರಣವೂ ಇರಲಿಲ್ಲ.

ದೆಹಲಿಯ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ (ವಿಎಸ್‌ಎನ್‌ಎಲ್) ಮೂಲಕ. ಮುಂಬೈ, ಕೋಲ್ಕತ್ತ, ಚೆನ್ನೈಗಳಿಗೂ ಆಗಲೇ. ಅದಕ್ಕೆ ಮೊದಲು ಐಐಟಿಯಂಥ ಸಂಸ್ಥೆಗಳಲ್ಲಿ ಇದ್ದವರಿಗೆ ಅರ್ನೆಟ್ ಜಾಲದ ಮೇಲ್ ಪರಿಚಯವಿತ್ತು, ಅಷ್ಟೆ. ವಿಎಸ್‌ಎನ್‌ಎಲ್ ಎರಡು ಬಗೆಯ ಖಾತೆ ಕೊಡುತ್ತಿತ್ತು. ಅಗ್ಗದ್ದು ಶೆಲ್ ಅಕೌಂಟ್: ಮೋಡೆಮ್‌ನಿಂದ ಡಯಲ್ ಮಾಡಿ, ಕಪ್ಪು ಪರದೆಯ ಮೇಲೆ ಅವರದೇ ಯಂತ್ರದೊಳಗೆ ಕೂತು ಪತ್ರ ಬರೆದು ಅಲ್ಲಿಂದಲೇ ಕಳಿಸುವುದು. ದುಬಾರಿಯದು ಟಿಸಿಪಿ-ಐಪಿ ಅಕೌಂಟ್: ನಮ್ಮ ಕಂಪ್ಯೂಟರೇ ಜಾಲಕ್ಕೆ ಸೇರುತ್ತಿತ್ತು, ಯುಡೋರಾದಂಥ ಪ್ರೋಗ್ರಾಂ ಹಾಕಿಕೊಂಡು ಪತ್ರಗಳನ್ನು ಮನೆಗೇ ಇಳಿಸಿಕೊಳ್ಳಬಹುದಿತ್ತು. ಪತ್ರ ಯಾರ ಯಂತ್ರದಲ್ಲಿರಬೇಕು ಎಂಬ ಇಂದಿನ ತಕರಾರು ಅಂದೇ ಇತ್ತು. ಆಗ ಅದು ದುಡ್ಡಿನ ಪ್ರಶ್ನೆಯಾಗಿತ್ತು, ಈಗ ವಿಶ್ವಾಸದ ಪ್ರಶ್ನೆ.

ಆ ದಿನಗಳಲ್ಲಿ ಹೋಗುವ ಮೇಲ್‌ಗೆ ಪಾಸ್‌ವರ್ಡ್ ಬೇಕಿರಲಿಲ್ಲ. ಡಯಲ್ ಮಾಡುವಾಗ ಪಾಸ್‌ವರ್ಡ್ ಕೊಟ್ಟಾಗಿದೆ, ನಮ್ಮ ಮೋಡೆಮ್‌ನಿಂದ ಬಂದವನು ನಮ್ಮ ಗಿರಾಕಿ, ಅವನ ಪತ್ರ ತೆಗೆದುಕೊಂಡರಾಯಿತು ಎಂಬುದು ಲೆಕ್ಕ. ಲೈನೇ ಗುರುತಿನ ಚೀಟಿ. ಈ ಲೆಕ್ಕ ಎರಡು ಕಡೆಯಿಂದ ಕೆಟ್ಟಿತು. ಹೊರಗಿನವರು ಬಂದು ಪತ್ರ ತುರುಕಿದರೂ ಮುಂದೆ ಸಾಗಿಸುವ ಸರ್ವರ್‌ಗಳು ಲೋಕದ ತುಂಬ ಇದ್ದವು. ಕಸದ ಮೇಲ್ ಕಳಿಸುವವರಿಗೆ ಅವೇ ಹಬ್ಬ. 1998ರಲ್ಲಿ ಬಂದ ಸೆಂಡ್‌ಮೇಲ್ 8.9 ಎಂಬ ಸರ್ವರ್ ತಂತ್ರಾಂಶ ಈ ಬಾಗಿಲನ್ನು ತಾನಾಗಿಯೇ ಮುಚ್ಚಿಕೊಂಡು ಬಂತು. ಅದೇ ವರ್ಷ ಭಾರತದಲ್ಲಿ ಖಾಸಗಿಯವರಿಗೂ ಇಂಟರ್‌ನೆಟ್ ಸೇವೆ ಕೊಡಲು ಅನುಮತಿ ಸಿಕ್ಕಿತು, ಮರುವರ್ಷ ದೆಹಲಿಯಲ್ಲಿ ಎಂಟಿಎನ್‌ಎಲ್ ಕೂಡ ಕಣಕ್ಕಿಳಿಯಿತು. ಜನ ಅಗ್ಗದ ಲೈನ್ ಹುಡುಕಿ ಬದಲಾಯಿಸಿದರು. ವಿಳಾಸವನ್ನು ಮಾತ್ರ ಬದಲಾಯಿಸಲಿಲ್ಲ, ವಿಸಿಟಿಂಗ್ ಕಾರ್ಡ್ ಅಚ್ಚಾಗಿಬಿಟ್ಟಿತ್ತಲ್ಲ. ಹೊಸ ಲೈನ್‌ನಲ್ಲಿ ಕೂತು ಹಳೆಯ ಕಂಪನಿಯ ಸರ್ವರ್‌ಗೆ ಪತ್ರ ಕೊಟ್ಟರೆ '550 ರಿಲೇಯಿಂಗ್ ಡಿನೈಡ್' ಎಂಬ ಖಡಕ್ ಉತ್ತರ ಬರುತ್ತಿತ್ತು. ಸರ್ವರ್ ಪಾಲಿಗೆ ನಾವೂ ಹೊರಗಿನವರೇ.

ಲೈನ್ ಗುರುತಾಗದಿದ್ದರೆ ಮನುಷ್ಯನೇ ಗುರುತು ಹೇಳಬೇಕು. 1999ರ ಮಾರ್ಚ್‌ನಲ್ಲಿ ಜಾನ್ ಮೈಯರ್ಸ್ ಬರೆದ ಕಟ್ಟಳೆ ಎಸ್‌ಎಂಟಿಪಿಗೆ 'ಆಥ್' ಎಂಬ ಹೆಜ್ಜೆಯನ್ನು ಸೇರಿಸಿತು: ಪತ್ರ ಕೊಡುವ ಮೊದಲು ಹೆಸರು, ಪಾಸ್‌ವರ್ಡ್ ಹೇಳು. ಅದಕ್ಕೆ ಕೆಲವೇ ತಿಂಗಳ ಮೊದಲು, 1998ರ ಡಿಸೆಂಬರ್‌ನಲ್ಲಿ, ಗಿರಾಕಿಗಳು ಪತ್ರ ಒಪ್ಪಿಸುವುದಕ್ಕೆಂದೇ 587 ಎಂಬ ಬೇರೆ ಪೋರ್ಟ್ ಗೊತ್ತಾಯಿತು. ಹಳೆಯ ಪೋರ್ಟ್ 25, ಸರ್ವರ್‌ಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ಉಳಿಯಿತು. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಸರ್ವರ್ಸ್ ಟ್ಯಾಬ್‌ನ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ಒಂದು ಚಿಕ್ಕ ಚೌಕ ಇರುತ್ತಿತ್ತು: 'ಮೈ ಸರ್ವರ್ ರಿಕ್ವಯರ್ಸ್ ಆಥೆಂಟಿಕೇಶನ್'. ಅದಕ್ಕೆ ಟಿಕ್ ಹಾಕಿದರೆ ಮೇಲ್ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಆ ಟಿಕ್ ಹಾಕಿಕೊಟ್ಟು ಎಷ್ಟೋ ಮಂದಿ ಕಂಪ್ಯೂಟರ್ ಪಂಡಿತರೆನಿಸಿಕೊಂಡಿದ್ದಾರೆ.

ಈಗಲೂ ಕೆಲಸ ಹೆಚ್ಚೇನಿಲ್ಲ. ಹೋಗುವ ಸರ್ವರ್‌ನ ಹೆಸರು. ಪೋರ್ಟ್ 587 ಆದರೆ ಸ್ಟಾರ್ಟ್ ಟಿಎಲ್‌ಎಸ್, 465 ಆದರೆ ಎಸ್‌ಎಸ್‌ಎಲ್-ಟಿಎಲ್‌ಎಸ್. ಬಳಕೆದಾರನ ಹೆಸರಿನ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ. ಗುರುತು ತೋರಿಸುವ ವಿಧಾನ. 465 ಒಮ್ಮೆ ಕೈಬಿಟ್ಟಿದ್ದ ಪೋರ್ಟ್, 2018ರ ಜನವರಿಯಲ್ಲಿ ಬಂದ ಸಲಹೆ ಅದನ್ನೇ ಮತ್ತೆ ಮುಂದಕ್ಕೆ ತಂದಿತು. ಟಿಎಲ್‌ಎಸ್ ಎಂಬ ಗುಟ್ಟಿನ ಹೊದಿಕೆ ಬೇಡವೆಂದು ಬಿಡುವಂತಿಲ್ಲ, ಏಕೆಂದರೆ ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಪಾಸ್‌ವರ್ಡ್ ಹೋಗುವುದು ಬೇಸ್64 ಎಂಬ ರೂಪದಲ್ಲಿ. ನೋಡಲು ಗುಟ್ಟಿನ ಲಿಪಿಯಂತೆ ಕಾಣುತ್ತದೆ, ಬಿಡಿಸುವುದು ಮಕ್ಕಳಾಟ.

ಕಾಲು ಜಾರುವುದು ಬೇರೆ ಕಡೆ. ಥಂಡರ್‌ಬರ್ಡ್‌ನಲ್ಲಿ ಬರುವ ಮೇಲ್‌ನ ಸೆಟ್ಟಿಂಗ್ ಒಂದೊಂದು ಖಾತೆಯ ಅಡಿಯಲ್ಲಿ ಇರುತ್ತದೆ, ಹೋಗುವ ಸರ್ವರ್‌ಗಳು ಮಾತ್ರ ಪಟ್ಟಿಯ ಕೊನೆಯಲ್ಲಿ ಬೇರೆಯಾಗಿ ಕೂತಿರುತ್ತವೆ. ಎರಡನೆಯ ಖಾತೆ ಸೇರಿಸುವಾಗ ಗಮನ ತಪ್ಪಿದರೆ ಸಂಘದ ವಿಳಾಸದ ಪತ್ರವೂ ನಿಮ್ಮ ಸ್ವಂತ ಜಿಮೇಲ್‌ನ ಸರ್ವರ್ ಮೂಲಕವೇ ಹೊರಡುತ್ತದೆ. ಜಿಮೇಲ್ ಅದನ್ನು ಸುಮ್ಮನೆ ಸಾಗಿಸುವುದಿಲ್ಲ. ಮೊದಲೇ ದೃಢೀಕರಿಸಿದ ವಿಳಾಸವಲ್ಲವಾದರೆ 'ಇಂದ' ಎಂಬಲ್ಲಿ ನಿಮ್ಮ ಸ್ವಂತ ವಿಳಾಸ ಹಾಕಿ ಕಳಿಸುತ್ತದೆ. ರಾಜ್ಯೋತ್ಸವದ ಆಮಂತ್ರಣ ಸಂಘದಿಂದ ಹೋಗುವ ಬದಲು ಖಜಾಂಚಿಯವರ ಮಗನ ಹೆಸರಿನಲ್ಲಿ ಎಲ್ಲ ಸದಸ್ಯರಿಗೂ ತಲುಪಿದರೆ ಆಶ್ಚರ್ಯವಿಲ್ಲ. ಜೋಹೋ ಮೇಲ್ ಸೇವೆ ಬಳಸುವವರಿಗೆ ಇನ್ನೊಂದು ತಾಪತ್ರಯ: ಭಾರತದಲ್ಲಿ ತೆರೆದ ಖಾತೆಗೆ ಸರ್ವರ್ ಹೆಸರು ಡಾಟ್ ಇನ್‌ನಿಂದ ಮುಗಿಯಬೇಕು. ಅಭ್ಯಾಸಬಲದಿಂದ ಡಾಟ್ ಕಾಮ್ ಹಾಕಿದರೆ ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆನ್ನುತ್ತದೆ. ಅಲ್ಲದೆ ಅವರ ಉಚಿತ ಯೋಜನೆಯಲ್ಲಿ ಹೊರಗಿನ ಪ್ರೋಗ್ರಾಂಗಳಿಗೆ ಪ್ರವೇಶವೇ ಇಲ್ಲ. ಸ್ವಂತ ಡೊಮೇನ್ ಸಿಕ್ಕಿತೆಂದು ಖುಷಿಪಟ್ಟ ಸಣ್ಣ ಸಂಸ್ಥೆಗಳಿಗೆ ಇದು ಗೊತ್ತಾಗುವುದು ಔಟ್‌ಲುಕ್ ಹಟ ಹಿಡಿದಾಗಲೇ.

ಇಷ್ಟೆಲ್ಲ ರಗಳೆ ಯಾಕೆ, ಬ್ರೌಸರ್ ಇಲ್ಲವೇ ಎಂದು ಕೇಳುವವರಿಗೆ ಪ್ರೋಗ್ರಾಂ ಪರ ಇರುವವರು ಹೇಳುವುದನ್ನು ನಾನು ವಕೀಲರ ಕೋಣೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ಮೇಲ್ ಬರೀ ಮಾತುಕತೆಯಲ್ಲ, ದಾಖಲೆ. 2020ರ ಜುಲೈ 10ರಂದು ಸುಪ್ರೀಂ ಕೋರ್ಟ್ ನೋಟಿಸು, ಸಮನ್ಸ್‌ಗಳನ್ನು ಇ-ಮೇಲ್ ಮೂಲಕವೂ ಜಾರಿ ಮಾಡಬಹುದೆಂದು ಹೇಳಿದ ಮೇಲೆ ಯಾವ ಪತ್ರ ಯಾವಾಗ ಹೋಯಿತು ಎಂಬುದರ ತೂಕ ಹೆಚ್ಚಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕೆನ್ನುತ್ತದೆ, ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು. ಸ್ವಂತ ಯಂತ್ರದಲ್ಲಿ ಪತ್ರ ಹೆಡರ್ ಸಮೇತ ಫೈಲ್ ಆಗಿ ಇದ್ದರೆ ಈ ಕೆಲಸ ಸಲೀಸು. ಹತ್ತು ವರ್ಷದ ಕೇಸಿನ ಪತ್ರಗಳನ್ನು ಒಂದು ಹಾರ್ಡ್ ಡಿಸ್ಕ್‌ನಲ್ಲಿಟ್ಟು ಬೀರುವಿನೊಳಗೆ ಬೀಗ ಹಾಕಬಹುದು. ಮೇಲ್ ಕಂಪನಿ ಖಾತೆ ಮುಚ್ಚಿದರೂ, ಜಾಗ ತುಂಬಿತು ದುಡ್ಡು ಕೊಡಿ ಎಂದರೂ, ಇಂಟರ್‌ನೆಟ್ ಇಲ್ಲದಿದ್ದರೂ ಪತ್ರ ನಮ್ಮದೇ. ತೊಂಬತ್ತರ ದಶಕದ ವಿಎಸ್‌ಎನ್‌ಎಲ್ ಪತ್ರಗಳು ಇವತ್ತಿಗೂ ಯಾರ ಬಳಿಯಾದರೂ ಇದ್ದರೆ ಅಂದು ದುಬಾರಿ ಖಾತೆ ತೆಗೆದುಕೊಂಡು ಮನೆಗೆ ಇಳಿಸಿಕೊಂಡವರ ಬಳಿ ಇರಬೇಕು.

ಎದುರು ಪಕ್ಷದವರು ಇದೇ ವಕೀಲರ ಕೋಣೆಯಲ್ಲೇ ಉತ್ತರ ಕೊಡಬಲ್ಲರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಎಲೆಕ್ಟ್ರಾನಿಕ್ ದಾಖಲೆ ರವಾನೆಯಾಗುವುದು ಅದು ಕಳಿಸಿದವನ ಹತೋಟಿಯಲ್ಲಿಲ್ಲದ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕಾಗ. ಬ್ರೌಸರ್‌ನಲ್ಲಿ ಗುಂಡಿ ಒತ್ತಿದಾಗ ಪತ್ರ ಆಗಲೇ ಬೇರೆಯವರ ಯಂತ್ರದಲ್ಲಿದೆ. ಪ್ರೋಗ್ರಾಂನಲ್ಲಿ ಹಾಗಲ್ಲ. ನೀವು 'ಸೆಂಡ್' ಒತ್ತಿದ್ದೀರಿ, ಕಿಟಕಿ ಮುಚ್ಚಿದೆ, ಮನಸ್ಸು ನಿರಾಳ. ಆದರೆ ಹೋಗುವ ಸರ್ವರ್ ಗುರುತು ಒಪ್ಪದೆ ಪತ್ರ ಔಟ್‌ಬಾಕ್ಸ್‌ನಲ್ಲೇ ಉಳಿದಿದ್ದರೆ ಕಾನೂನಿನ ಕಣ್ಣಿಗೆ ಅದು ಹೊರಟೇ ಇಲ್ಲ. ಉತ್ತರ ಸಲ್ಲಿಸುವ ಕೊನೆಯ ದಿನ ಸಂಜೆ ಹೀಗಾಗಿ ಮರುದಿನ ಬೆಳಿಗ್ಗೆ ಗೊತ್ತಾದರೆ? ದಾಖಲೆ ಮನೆಯಲ್ಲಿ ಭದ್ರವಾಗಿದೆ ಎಂಬುದು ಆಗ ಸಮಾಧಾನದ ಮಾತಲ್ಲ. ಇನ್ನು ಹೆಡರ್ ಸಮೇತ ಮೂಲಪ್ರತಿ ಬೇಕೆಂದರೆ ಜಿಮೇಲ್‌ನ ಬ್ರೌಸರ್ ಪುಟದಿಂದಲೂ ಇಳಿಸಿಕೊಳ್ಳಬಹುದು. ಒಂದೊಂದಾಗಿ ಇಳಿಸಬೇಕು, ನಿಜ. ಆದರೆ ಸಾಧ್ಯವೇ ಇಲ್ಲ ಎನ್ನುವ ಹಾಗಿಲ್ಲ.

ಬ್ರೌಸರ್ ಪರವಾದ ದೊಡ್ಡ ವಾದ ಇರುವುದು ಪಾಸ್‌ವರ್ಡ್ ಬಳಿ. ಪ್ರೋಗ್ರಾಂ ದಿನವಿಡೀ ಸರ್ವರ್ ಜೊತೆ ಮಾತಾಡಬೇಕು, ಆದ್ದರಿಂದ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇಬೇಕು. ಥಂಡರ್‌ಬರ್ಡ್‌ಗೆ ಪ್ರೈಮರಿ ಪಾಸ್‌ವರ್ಡ್ ಹಾಕದಿದ್ದರೆ ಆ ಕುರ್ಚಿಯಲ್ಲಿ ಕೂತ ಯಾರು ಬೇಕಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಿಡಿ ಅಕ್ಷರದಲ್ಲಿ ಓದಬಹುದು. ಕಳ್ಳ ತಂತ್ರಾಂಶಗಳು ಇಂಥ ಜಾಗಗಳನ್ನೇ ಹುಡುಕಿಕೊಂಡು ಬರುತ್ತವೆ. ಹಾಗೆ ಕದ್ದ ಪಾಸ್‌ವರ್ಡ್ ಹೋಗುವ ಸರ್ವರ್‌ನಲ್ಲಿ ಕೆಲಸ ಮಾಡಿದರೆ ನಿಮ್ಮ ಹೆಸರಿನಲ್ಲಿ, ನಿಮ್ಮ ಡೊಮೇನ್‌ನ ಸಾಚಾ ಮುದ್ರೆಯೊಂದಿಗೆ ಕಸ ಹೊರಡುತ್ತದೆ. ಗುರುತು ಕೇಳುವ ಪದ್ಧತಿ ಬಂದದ್ದೇ ಕಸ ತಡೆಯಲು. ಗುರುತೇ ಕಳುವಾದರೆ ಕಸಕ್ಕೆ ಮರ್ಯಾದೆ ಬರುತ್ತದೆ.

ದೆಹಲಿಯಲ್ಲಿ ಇದನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡದ್ದು ಕೇಂದ್ರ ಸರ್ಕಾರ. ಶಾಸ್ತ್ರಿ ಭವನ, ಕೃಷಿ ಭವನಗಳಲ್ಲಿ ದುಡಿಯುವ ನಮ್ಮವರು ಬಹಳ ಮಂದಿ. ಅವರ ಮೇಲ್ ನೋಡಿಕೊಳ್ಳುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಎನ್‌ಐಸಿ. 2015ರ ಫೆಬ್ರುವರಿಯಲ್ಲಿ ಹೊರಬಿದ್ದ ಸರ್ಕಾರದ ಇ-ಮೇಲ್ ನೀತಿ ಪಾಸ್‌ವರ್ಡ್‌ಗಳನ್ನು ತಾನಾಗಿ ಉಳಿಸಿಕೊಳ್ಳುವ ಸೌಲಭ್ಯವನ್ನೇ ಒಪ್ಪಲಿಲ್ಲ. ಸರ್ಕಾರಿ ಖಾತೆಯ ಮೇಲ್ ಅನ್ನು ಖಾಸಗಿ ಮೇಲ್ ಸೇವೆಯೊಳಗೆ ಇಳಿಸಿಕೊಳ್ಳುವಂತೆ ಜೋಡಿಸಬಾರದು ಎಂದೂ ಹೇಳಿತು. ಆಮೇಲೆ ಎರಡನೆಯ ಗುರುತಿಗಾಗಿ ಕವಚ್ ಎಂಬ ಆ್ಯಪ್ ಬಂತು. ಕವಚ್‌ನದೇ ನಕಲಿ ಜಾಲತಾಣಗಳು, ನಕಲಿ ಆ್ಯಪ್‌ಗಳೂ ಹಿಂದೆಯೇ ಬಂದವು ಎಂಬುದನ್ನು ಭದ್ರತಾ ಸಂಶೋಧಕರು 2022ರಲ್ಲಿ ಬಯಲುಮಾಡಿದರು. ಗುರಿ ಇದ್ದದ್ದು ಸರ್ಕಾರಿ ನೌಕರರೇ. ಈಗ ಈ ಮೇಲ್ ಸೇವೆ ಜೋಹೋ ವೇದಿಕೆಯ ಮೇಲಿದೆ, 12 ಲಕ್ಷಕ್ಕೂ ಹೆಚ್ಚು ಖಾತೆಗಳು ಅಲ್ಲಿಗೆ ಹೋಗಿವೆ. ಇಂಥ ಕಡೆ ಕೆಲಸ ಮಾಡುವವರು ಮನೆಯ ಲ್ಯಾಪ್‌ಟಾಪ್‌ನಲ್ಲಿ ಔಟ್‌ಲುಕ್ ಜೋಡಿಸಿಕೊಡಿ ಎಂದರೆ ನಾನು ಕೈಮುಗಿಯುತ್ತೇನೆ. ಅಲ್ಲಿ ನಿಯಮವೂ ಬುದ್ಧಿಯೂ ಒಂದೇ ಮಾತು ಹೇಳುತ್ತವೆ.

ಖಾಸಗಿಯವರ ಲೋಕದಲ್ಲಿ ಮಾತು ಅಷ್ಟು ಸರಳವಲ್ಲ. 2022ರ ಮೇ 30ರಿಂದ ಗೂಗಲ್ ತನ್ನ ಸಾಮಾನ್ಯ ಖಾತೆಗಳಿಗೆ ಬರೀ ಹೆಸರು-ಪಾಸ್‌ವರ್ಡ್ ಕೊಟ್ಟು ಒಳಬರುವ ಪ್ರೋಗ್ರಾಂಗಳನ್ನು ನಿಲ್ಲಿಸಿತು. 2024ರ ಸೆಪ್ಟೆಂಬರ್ 16ರಿಂದ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೂ ಅದೇ ಬಾಗಿಲು ಹಾಕಿತು. ಬದಲಿಗೆ ಬಂದದ್ದು ಓಆಥ್. ಪ್ರೋಗ್ರಾಂ ಒಂದು ಬ್ರೌಸರ್ ಕಿಟಕಿ ತೆರೆಯುತ್ತದೆ. ನೀವು ಗೂಗಲ್‌ಗೇ ನೇರವಾಗಿ ಪಾಸ್‌ವರ್ಡ್, ಓಟಿಪಿ ಕೊಡುತ್ತೀರಿ. ಗೂಗಲ್ ಪ್ರೋಗ್ರಾಂಗೆ ಒಂದು ಟೋಕನ್ ಕೊಡುತ್ತದೆ. ಪಾಸ್‌ವರ್ಡ್ ಪ್ರೋಗ್ರಾಂ ಕೈಗೆ ಸಿಗುವುದೇ ಇಲ್ಲ. ಲ್ಯಾಪ್‌ಟಾಪ್ ಮೆಟ್ರೋದಲ್ಲಿ ಕಳೆದುಹೋದರೆ ಆ ಒಂದು ಟೋಕನ್ ರದ್ದುಮಾಡಿದರೆ ಸಾಕು. ಥಂಡರ್‌ಬರ್ಡ್‌ನಲ್ಲಿ ಹೋಗುವ ಸರ್ವರ್‌ನ ಗುರುತಿನ ವಿಧಾನ 'ನಾರ್ಮಲ್ ಪಾಸ್‌ವರ್ಡ್' ಎಂದಿದ್ದುದನ್ನು 'ಓಆಥ್2' ಮಾಡಿದರೆ ನನಗೆ ಬರುವ ದೂರುಗಳಲ್ಲಿ ಬಹುಪಾಲು ಅಲ್ಲಿಗೇ ಮುಗಿಯುತ್ತವೆ. ಬರುವ ಕಡೆ ಬದಲಾಯಿಸಿ ಹೋಗುವ ಕಡೆ ಮರೆತಿರುತ್ತಾರೆ.

ಪಾಸ್‌ವರ್ಡ್ ಕಳ್ಳತನದ ಭಯ ಇದರಿಂದ ಬಹಳ ಕಡಿಮೆಯಾಗುತ್ತದೆ, ಇದನ್ನು ಒಪ್ಪಲೇಬೇಕು. ಬ್ರೌಸರ್ ಪಕ್ಷದವರ ಹಳೆಯ ವಾದಕ್ಕೆ ಮುಕ್ಕಾಲು ಉತ್ತರ ಸಿಕ್ಕಂತಾಯಿತು. ಆದರೆ ಯಾವ ಸ್ವಾತಂತ್ರ್ಯಕ್ಕಾಗಿ ಪ್ರೋಗ್ರಾಂ ಬೇಕೆಂದು ಹಟ ಹಿಡಿದಿದ್ದೆವೋ ಅದರಲ್ಲಿ ಒಂದು ಪಾಲು ಇದರ ಬೆಲೆಯಾಗಿ ಹೋಯಿತು. ಹಿಂದೆ ಎಸ್‌ಎಂಟಿಪಿ ತಿಳಿದ ಯಾರು ಬರೆದ ಪ್ರೋಗ್ರಾಂ ಆದರೂ ಪಾಸ್‌ವರ್ಡ್ ಇದ್ದರೆ ನಡೆಯುತ್ತಿತ್ತು. ಈಗ ಆ ಪ್ರೋಗ್ರಾಂ ಗೂಗಲ್ ಬಳಿ ಮೊದಲೇ ಹೆಸರು ನೋಂದಾಯಿಸಿರಬೇಕು. ಪೂರ್ತಿ ಮೇಲ್‌ಗೆ ಕೈಹಾಕುವಂಥದ್ದಾದರೆ ಹೊರಗಿನವರಿಂದ ಭದ್ರತಾ ಪರೀಕ್ಷೆಯನ್ನೂ ಮಾಡಿಸಬೇಕಾಗಿ ಬರಬಹುದು. ಥಂಡರ್‌ಬರ್ಡ್‌ನಂಥ ದೊಡ್ಡ ಯೋಜನೆಗೆ ಅದು ಸಾಧ್ಯ. ಬಿಡುವಿನ ಹೊತ್ತಿನಲ್ಲಿ ಚಿಕ್ಕದೊಂದು ಮೇಲ್ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗೆ ಅಷ್ಟು ಸುಲಭವಲ್ಲ. ನನ್ನ ಪತ್ರವನ್ನು ನಾನು ಯಾವ ಸಾಧನದಿಂದ ಕಳಿಸಬೇಕೆಂಬುದನ್ನು ಕಂಪನಿ ಗೊತ್ತುಮಾಡುತ್ತದೆ. ಕಾವಲು ಕೂಡ ಬೇಕು, ಕಾವಲುಗಾರ ಯಜಮಾನನಾಗುವುದೂ ಬೇಡ. ಎರಡನ್ನೂ ಕೊಡುವ ಏರ್ಪಾಡು ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಇನ್ನು ಮೈಕ್ರೋಸಾಫ್ಟ್‌ನ ಹೊಸ ಔಟ್‌ಲುಕ್. ವಿಂಡೋಸ್‌ನೊಡನೆ ಬರುತ್ತಿದ್ದ ಹಳೆಯ ಮೇಲ್ ಆ್ಯಪ್ 2024ರ ಕೊನೆಗೆ ನಿಂತುಹೋದ ಮೇಲೆ ಜನ ಅರಿಯದೆಯೇ ಇದಕ್ಕೆ ಬಂದಿದ್ದಾರೆ. ನೋಡಲು ಕಂಪ್ಯೂಟರ್‌ನೊಳಗಿನ ಪ್ರೋಗ್ರಾಂ. ಆದರೆ ಬೇರೆ ಕಂಪನಿಯ ಖಾತೆ ಸೇರಿಸಿದರೆ ಆ ಮೇಲ್ ಮೈಕ್ರೋಸಾಫ್ಟ್‌ನ ಸರ್ವರ್‌ಗಳ ಮೂಲಕ ಹಾದು ಬರುತ್ತದೆ. ಪ್ರೋಗ್ರಾಂ ಬೇಕೆನ್ನುವವರ ಎಲ್ಲ ರಗಳೆ, ಬ್ರೌಸರ್ ಬೇಕೆನ್ನುವವರ ಎಲ್ಲ ಪರಾಧೀನತೆ ಒಂದೇ ಕಡೆ ಸಿಗಬೇಕೆನ್ನುವವರಿಗೆ ಇದು ತಕ್ಕ ಆಯ್ಕೆ.

ಓಆಥ್ ಗೊತ್ತಿಲ್ಲದ ಯಂತ್ರಗಳ ಪಾಡೇನು? ದರಿಯಾಗಂಜ್‌ನ ಪ್ರಕಾಶಕರ ಕಚೇರಿಯಲ್ಲಿ, ಓಖ್ಲಾದ ರಫ್ತು ಘಟಕದಲ್ಲಿ, ಲಕ್ಷ್ಮಿನಗರದ ಲೆಕ್ಕಪತ್ರದವರ ಕೋಣೆಯಲ್ಲಿ ಮೇಲ್ ಕಳಿಸುವುದು ಮನುಷ್ಯರು ಮಾತ್ರವಲ್ಲ. ಜೆರಾಕ್ಸ್ ಮಷೀನ್ ಸ್ಕ್ಯಾನ್ ಮಾಡಿದ ಕಾಗದವನ್ನು ತಾನೇ ಮೇಲ್ ಮಾಡುತ್ತದೆ, ಟ್ಯಾಲಿ ಬಿಲ್ಲುಗಳನ್ನು ಗಿರಾಕಿಗೆ ಕಳಿಸುತ್ತದೆ. ಇವುಗಳೊಳಗೂ ಅದೇ ಹೋಗುವ ಸರ್ವರ್, ಅದೇ ಪೋರ್ಟ್, ಅದೇ ಹೆಸರು-ಪಾಸ್‌ವರ್ಡ್. 2022ರಲ್ಲಿ ಗೂಗಲ್ ಬಾಗಿಲು ಹಾಕಿದ ಆ ದಿನದ ನಂತರ ಎಷ್ಟೋ ಮಷೀನ್‌ಗಳು ಮೂಕವಾದವು. ಅವುಗಳಿಗೆಂದು ಉಳಿದಿರುವ ದಾರಿ ಆ್ಯಪ್ ಪಾಸ್‌ವರ್ಡ್: ಎರಡು ಹಂತದ ಗುರುತು ಚಾಲೂ ಇರುವ ಖಾತೆಗೆ ಗೂಗಲ್ 16 ಅಕ್ಷರದ ಪಾಸ್‌ವರ್ಡ್ ಒಂದನ್ನು ಬರೆದುಕೊಡುತ್ತದೆ, ಅದನ್ನು ಹಾಕಿದರೆ ಓಟಿಪಿ ಇಲ್ಲದೆ ಕೆಲಸ ನಡೆಯುತ್ತದೆ.

ಆ್ಯಪ್ ಪಾಸ್‌ವರ್ಡ್ ಬಗ್ಗೆ ನನಗೆ ಎರಡು ಮನಸ್ಸು. ಒಂದು ಕಡೆ, ಇದ್ದ ಮಷೀನ್ ಎಸೆದು ಹೊಸದು ತನ್ನಿ ಎಂದು ಸಣ್ಣ ಕಚೇರಿಗಳಿಗೆ ಹೇಳುವುದು ಅನ್ಯಾಯ. ಖಾತೆಯ ಅಸಲಿ ಪಾಸ್‌ವರ್ಡ್ ಮಷೀನ್‌ನಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ. ಬೇಡವಾದಾಗ ಅದೊಂದನ್ನೇ ತೆಗೆದುಹಾಕಬಹುದು. ಇನ್ನೊಂದು ಕಡೆ, ಎರಡು ಹಂತದ ಕಾವಲು ಹಾಕಿ ಪಕ್ಕದಲ್ಲೇ ಕಿಟಕಿ ತೆರೆದಿಟ್ಟಂತೆ ಆಯಿತಲ್ಲ ಎಂಬ ಟೀಕೆಯೂ ಸರಿಯೇ. ಬಿಲ್ಲು ಕಳಿಸಲೆಂದು ಟ್ಯಾಲಿಗೆ ಕೊಟ್ಟ ಆ ಅಕ್ಷರಗಳು ಯಾರ ಕೈಗಾದರೂ ಸಿಕ್ಕರೆ ಅವರು ಇನ್‌ಬಾಕ್ಸ್ ಕೂಡ ತೆರೆಯಬಲ್ಲರು. ಆ 16 ಅಕ್ಷರಗಳನ್ನು ಹಳದಿ ಚೀಟಿಯಲ್ಲಿ ಬರೆದು ಮಷೀನ್ ಮೇಲೇ ಅಂಟಿಸಿರುವುದನ್ನು ಕಂಡವರಿಗೆ ಈ ಮಾತು ಬೇಗ ತಿಳಿಯುತ್ತದೆ. ಹೀಗಾಗಿ ಮಷೀನ್‌ಗೆ ಬೇರೆಯದೇ ಖಾತೆ ಮಾಡಿ, ಅದರಲ್ಲಿ ಮುಖ್ಯ ಪತ್ರ ಯಾವುದೂ ಇಲ್ಲದಂತೆ ನೋಡಿಕೊಂಡು, ಆ ಖಾತೆಯ ಆ್ಯಪ್ ಪಾಸ್‌ವರ್ಡ್ ಮಾತ್ರ ಕೊಡಿ ಎಂದು ಹೇಳುತ್ತೇನೆ. ಇಲ್ಲಿ ಇನ್ನೊಂದು ತೊಡಕಿದೆ. ಮೋಸದ ಮೇಲ್ ಬಂತೆಂದು ಹೆದರಿ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ಆ ಕ್ಷಣವೇ ರದ್ದಾಗುತ್ತವೆ. ಪಾಸ್‌ವರ್ಡ್ ಬದಲಿಸಿದ್ದು ಮಾಲೀಕ, ಸ್ಕ್ಯಾನ್ ಹೋಗುತ್ತಿಲ್ಲವೆಂದು ಬೈಸಿಕೊಳ್ಳುವುದು ಹೆಲ್ಪರ್ ಹುಡುಗ.

ನಮ್ಮ ಕನ್ನಡ ಸಂಘಗಳಲ್ಲಿ ಈ ಎರಡೂ ಪಕ್ಷ ಮುಖಾಮುಖಿಯಾಗುವುದು ಪದಾಧಿಕಾರಿಗಳು ಬದಲಾದಾಗ. ದೆಹಲಿ ವರ್ಗಾವಣೆಯ ಊರು. ಇಂದಿನ ಕಾರ್ಯದರ್ಶಿ ನಾಳೆ ಬೆಂಗಳೂರಿಗೋ ಗುವಾಹಟಿಗೋ ಹೊರಟಿರುತ್ತಾರೆ, ನಿವೃತ್ತರಾದವರು ಊರು ಸೇರುತ್ತಾರೆ. ಪ್ರೋಗ್ರಾಂ ಬಳಸುತ್ತಿದ್ದ ಕಾರ್ಯದರ್ಶಿ ಹೋದರೆ ಸಂಘದ ನಾಲ್ಕಾರು ವರ್ಷದ ಪತ್ರವ್ಯವಹಾರ ಅವರ ಲ್ಯಾಪ್‌ಟಾಪ್ ಜೊತೆ ಹೋಗುತ್ತದೆ. ಹಳೆಯ ಪಾಪ್ ವಿಧಾನದಲ್ಲಿ ಸರ್ವರ್‌ನಿಂದ ಅಳಿಸಿಯೇ ಇಳಿಸಿಕೊಂಡಿದ್ದರಂತೂ ಹೊಸಬರಿಗೆ ಸಿಗುವುದು ಖಾಲಿ ಡಬ್ಬಿ. ಸಭಾಂಗಣದ ಬಾಡಿಗೆಯ ಒಪ್ಪಂದ ಎಲ್ಲಿ, ನಾಟಕ ತಂಡಕ್ಕೆ ಏನು ಮಾತು ಕೊಟ್ಟಿದ್ದೆವು ಎಂದು ಹುಡುಕಲು ಕಾಗದವೇ ಇಲ್ಲ.

ಹಾಗಾದರೆ ಬ್ರೌಸರ್? ನಾನು ಕಂಡ ಒಂದು ಸಂಘದಲ್ಲಿ ಬ್ರೌಸರೇ ಇತ್ತು. ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಐದು ಜನರಿಗೆ ಗೊತ್ತು. ಹೊಸ ಕಂಪ್ಯೂಟರ್‌ನಿಂದ ತೆರೆದರೆ ಓಟಿಪಿ ಹೋಗುತ್ತಿದ್ದದ್ದು ಮೈಸೂರಿಗೆ ಹಿಂತಿರುಗಿದ್ದ ಮಾಜಿ ಕಾರ್ಯದರ್ಶಿಗಳ ಫೋನಿಗೆ. ಅವರು ಸಂಜೆ ವಾಕಿಂಗ್ ಹೋಗಿದ್ದರೆ ಸಂಘದ ಮೇಲ್ ಅಷ್ಟು ಹೊತ್ತು ಬಂದ್. ಫೋನ್ ಎತ್ತಿದರೆ ಸಂಖ್ಯೆ ಹೇಳುವ ಮೊದಲು ಈ ಸಲದ ಸಮಿತಿ ಹೇಗಿದೆ ಎಂಬ ವಿಚಾರಣೆ. ಯಾವ ಪತ್ರ ಯಾರು ಕಳಿಸಿದರು ಎಂಬುದಕ್ಕೂ ಲೆಕ್ಕವಿರಲಿಲ್ಲ. ಒಮ್ಮೆ ಒಂದೇ ಕಲಾವಿದರಿಗೆ ಎರಡು ಬೇರೆ ಬೇರೆ ಸಂಭಾವನೆಯ ಪತ್ರ ಹೋಗಿತ್ತು, ಅವನ್ನು ಕಳಿಸಿರಬಹುದಾದ ಇಬ್ಬರೂ ತಾವಲ್ಲ ಎಂದರು.

ಸ್ವಂತ ಡೊಮೇನ್ ತೆಗೆದುಕೊಂಡ ಸಂಘಗಳಿಗೆ ಇನ್ನೊಂದು ಹೊಣೆ ಇದೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ರಾಶಿರಾಶಿ ಮೇಲ್ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಡೊಮೇನ್ ಮುದ್ರೆಗಳನ್ನು ಇಟ್ಟುಕೊಂಡಿರಲೇಬೇಕೆಂದು ಹೇಳಿವೆ. ಸಣ್ಣವರೂ ಇಟ್ಟುಕೊಳ್ಳದಿದ್ದರೆ ಆಮಂತ್ರಣ ಸ್ಪ್ಯಾಮ್ ಸೇರುವ ಸಂಭವ ಹೆಚ್ಚು. ಡೊಮೇನ್ ಒಪ್ಪಿದ ಸರ್ವರ್‌ನಲ್ಲಿ ಗುರುತು ತೋರಿಸಿ ಕಳಿಸಿದಾಗಲೇ ಈ ಮುದ್ರೆ ಬೀಳುವುದು. ಇನ್ನು ಸಾಮಾನ್ಯ ಜಿಮೇಲ್‌ನಿಂದ ದಿನಕ್ಕೆ 500 ಪತ್ರಗಳ ಮಿತಿ ಇದ್ದೇ ಇದೆ, ಪ್ರೋಗ್ರಾಂ ಇರಲಿ ಬ್ರೌಸರ್ ಇರಲಿ.

ನನ್ನ ತೂಕ ಎತ್ತ ವಾಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಯಾರ ಮೇಲ್ ಅವರ ಕಸುಬಿನ ದಾಖಲೆಯೋ, ಯಾರ ಕಂಪ್ಯೂಟರ್ ಮುಂದೆ ಅವರೊಬ್ಬರೇ ಕೂರುತ್ತಾರೋ ಅವರಿಗೆ ಓಆಥ್ ಹಾಕಿದ ಥಂಡರ್‌ಬರ್ಡ್‌ನಂಥ ಪ್ರೋಗ್ರಾಂ ಒಳ್ಳೆಯದು, ಸಂಜೆ ಏಳುವ ಮೊದಲು ಔಟ್‌ಬಾಕ್ಸ್ ಇಣುಕಿ ನೋಡುವ ಅಭ್ಯಾಸ ಇದ್ದರೆ. ಹತ್ತು ಜನ ಕೈಯಾಡಿಸುವ ಕಂಪ್ಯೂಟರ್ ಆದರೆ ಬ್ರೌಸರ್, ಕೆಲಸ ಮುಗಿದೊಡನೆ ಲಾಗ್‌ಔಟ್. ಸಂಘದ ಸಂಗತಿ ಇವೆರಡರ ನಡುವಿನದು. ಮೈಸೂರಿಗೆ ಓಟಿಪಿ ಹೋಗುತ್ತಿದ್ದ ಸಂಘದಲ್ಲಿ ಕೊನೆಗೆ ಆದ ಏರ್ಪಾಡು ಹೀಗೆ: ಓಟಿಪಿ ಈಗಿನ ಇಬ್ಬರು ಪದಾಧಿಕಾರಿಗಳ ಕಡೆಗೆ; ಕಳಿಸುವುದು ಬ್ರೌಸರ್‌ನಿಂದ, ಕೊನೆಯಲ್ಲಿ ಕಳಿಸಿದವರ ಹೆಸರು ಕಡ್ಡಾಯ; ಸಂಘದ ಕೋಣೆಯ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್, ಅದು ಪತ್ರಗಳ ಪ್ರತಿ ಇಳಿಸಿಕೊಳ್ಳುವುದಕ್ಕಷ್ಟೇ, ಹೋಗುವ ಸರ್ವರ್ ಅದರಲ್ಲಿ ಜೋಡಿಸಿಯೇ ಇಲ್ಲ. ಸಮಿತಿಯ ಹಿರಿಯರೊಬ್ಬರು ಇದಕ್ಕೂ ಆಕ್ಷೇಪವೆತ್ತಿದರು. ಆ ಕಂಪ್ಯೂಟರ್‌ಗೆ ಪಾಸ್‌ವರ್ಡೇ ಇಲ್ಲ, ಯಕ್ಷಗಾನದ ತಾಲೀಮಿಗೆ ಬರುವ ಹುಡುಗರೆಲ್ಲ ಅದರಲ್ಲೇ ಯೂಟ್ಯೂಬ್ ಹಾಕುತ್ತಾರೆ, ಸಂಘದ ಪತ್ರ ಯಾರು ಬೇಕಾದರೂ ಓದಬಹುದಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ.